ಎಂಬಿಎಗೆ ಮೂರು ಕಡೆ ಸೀಟ್ ಸಿಕ್ಕಿದೆ, ಯಾವ್ದು ತಗೊಳ್ಲಿ? ಓದಿರೋರು ಅನುಭವ ಹೇಳಿ

ಕೇಳಿದವನು:
ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವನು, ಮೆಕ್ಯಾನಿಕಲ್ ಮುಗಿಸಿ ಬಿಡದಿಲಿ ಒಂದು ಆಟೋ ಪಾರ್ಟ್ಸ್ ಫ್ಯಾಕ್ಟರಿಲಿ ಮೂರು ವರ್ಷದಿಂದ ಪ್ರೊಡಕ್ಷನ್ ಪ್ಲಾನಿಂಗ್ ನೋಡ್ಕೊತಿದೀನಿ. ಈ ಸಲ ಕ್ಯಾಟ್ (ಎಂಬಿಎ ಎಂಟ್ರೆನ್ಸ್) ಚೆನ್ನಾಗಾಯ್ತು, ಐಐಎಂ ಮುಂಬೈ, ಐಐಎಂ ತಿರುಚ್ಚಿ, ಮಣಿಪಾಲದ ಟ್ಯಾಪ್ಮಿ ಮೂರೂ ಕಡೆ ಆಫರ್ ಇದೆ, ಟ್ಯಾಪ್ಮಿದು ಬ್ಯಾಂಕಿಂಗ್-ಫೈನಾನ್ಸ್ ಕೋರ್ಸು. ಆಫೀಸಲ್ಲಿ ಒಬ್ರು ಇದೆಲ್ಲ ಬಿಟ್ಟು ಇನ್ನೆರಡು ವರ್ಷ ಕೆಲಸ ಮಾಡಿ ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿಗೆ ಹೋಗು ಅಂತಾರೆ, ಅಪ್ಪ ಅಷ್ಟು ಸಾಲ ಯಾಕಪ್ಪ ಇಲ್ಲೇ ಯೂನಿವರ್ಸಿಟಿಲಿ ಮಾಡು ಅಂತಾರೆ. ನಂಗೆ ಸಪ್ಲೈ ಚೈನ್ ಇಷ್ಟ, ಆದ್ರೆ ಫೈನಾನ್ಸಲ್ಲಿ ದುಡ್ಡು ಜಾಸ್ತಿ ಅಂತ ಕೇಳಿ ಮನಸ್ಸು ಆ ಕಡೆನೂ ಎಳೀತಿದೆ. ಎಲ್ಲಾದ್ರೂ ಒಂದು ಕಡೆ ಸೇರ್ಕೊಂಡು ಅಲ್ಲಿ ಹೋದ್ಮೇಲೆ ಡಿಸೈಡ್ ಮಾಡಿದ್ರೆ ಆಗಲ್ವಾ?

ಪವಾಯಿಲಿ ಓದಿದವನು:
ನಿನ್ನ ಕೊನೇ ಪ್ರಶ್ನೆಗೇ ಮೊದ್ಲು ಉತ್ತರ ಕೊಡ್ತೀನಿ. ಆಗಲ್ಲ. ಎರಡು ವರ್ಷದ ಕೋರ್ಸು ಅಂದ್ರೆ ಯೋಚನೆ ಮಾಡೋಕೆ ಎರಡು ವರ್ಷ ಇದೆ ಅಂತ ಎಲ್ರೂ ಅನ್ಕೊತಾರೆ, ಆದ್ರೆ ಜೂನ್-ಜುಲೈಲಿ ಕ್ಲಾಸ್ ಶುರುವಾದ್ರೆ ದಸರಾ-ದೀಪಾವಳಿ ಹೊತ್ತಿಗೆ ಸಮ್ಮರ್ ಇಂಟರ್ನ್‌ಶಿಪ್ ಇಂಟರ್‌ವ್ಯೂ ಬಂದು ನಿಂತಿರುತ್ತೆ, ಅದಕ್ಕೂ ಮುಂಚೆ ರೆಸ್ಯೂಮೆ ಲಾಕ್ ಆಗಿರುತ್ತೆ (ಆಮೇಲೆ ತಿದ್ದೋಕಾಗಲ್ಲ), ಅಷ್ಟೊತ್ತಿಗೆ ನೀನು ಓದಿರೋದು ಒಂದು ಟರ್ಮು, ಹೆಚ್ಚಂದ್ರೆ ಒಂದೂವರೆ. ಫೈನಾನ್ಸ್ ಎಲೆಕ್ಟಿವ್‌ಗಳು ಬರೋದು ಎರಡನೇ ವರ್ಷದಲ್ಲಿ. ಅಂದ್ರೆ ಕಂಪನಿಯವರು ಜರಡಿ ಹಿಡಿಯೋದು ಕಾಲೇಜು ಕಲಿಸಿದ್ದನ್ನಲ್ಲ, ನೀನು ಮನೆಯಿಂದ ಹೊತ್ಕೊಂಡು ಹೋಗಿದ್ದನ್ನ: ಹತ್ತನೇ ಕ್ಲಾಸ್ ಮಾರ್ಕ್ಸು, ಪಿಯುಸಿ, ಇಂಜಿನಿಯರಿಂಗು, ಕೆಲಸ. ಆಮೇಲೆ ಆ ಇಂಟರ್ನ್‌ಶಿಪ್ ಚೆನ್ನಾಗಾದ್ರೆ ಅಲ್ಲೇ ಪಿಪಿಒ, ಅಂದ್ರೆ ಕೋರ್ಸ್ ಮುಗಿಯೋ ಮುಂಚೆನೇ ಕೆಲಸದ ಆಫರ್ ಸಿಗುತ್ತೆ, ಇಲ್ಲಾಂದ್ರೂ ಫೈನಲ್ ಪ್ಲೇಸ್‌ಮೆಂಟಲ್ಲಿ ನಿನ್ನನ್ನ ಅದೇ ಲೈನಿನವನು ಅಂತಲೇ ನೋಡ್ತಾರೆ. ಹೋದ್ಮೇಲೆ ಡಿಸೈಡ್ ಮಾಡೋದು ಅಂದ್ರೆ ತಾಳಿ ಕಟ್ಟಿ ಆದ್ಮೇಲೆ ಜಾತಕ ತೆಗೆಸಿದ ಹಾಗೆ.

ನಾನು ಓದಿದ್ದು ಮುಂಬೈನ ಪವಾಯಿಲಿ, ಆಗ ಅದು ಇನ್ನೂ ನಿಟೀ ಅನ್ನೋ ಸಂಸ್ಥೆ, 2023ರಲ್ಲಿ ಐಐಎಂ ಮುಂಬೈ ಆಗಿದ್ದು. 1963ರಲ್ಲಿ ಶುರುವಾಗಿದ್ದೇ ಇಂಡಸ್ಟ್ರಿಯಲ್ ಇಂಜಿನಿಯರಿಂಗ್‌ಗೋಸ್ಕರ, ಆ ವಾಸನೆ ಬೋರ್ಡ್ ಚೇಂಜ್ ಆದ ತಕ್ಷಣ ಹೋಗಲ್ಲ. ಆಪರೇಷನ್ಸ್, ಸಪ್ಲೈ ಚೈನ್‌ಗೆ ಬರೋ ಕಂಪನಿಗಳು ಅಲ್ಲಿಗೆ ಹುಡುಕ್ಕೊಂಡು ಬರ್ತವೆ, ದೇಶದ ಯಾವ ಪ್ಲಾಂಟಿಗೆ ಹೋದ್ರೂ ಒಬ್ಬ ಸೀನಿಯರ್ ಸಿಗ್ತಾನೆ. ಆದ್ರೆ ಇದರ ಇನ್ನೊಂದು ಮುಖ ಯಾರೂ ಹೇಳಲ್ಲ. ನಮ್ಮ ಬ್ಯಾಚಲ್ಲಿ ಹೆಚ್ಚುಕಮ್ಮಿ ಎಲ್ರೂ ಇಂಜಿನಿಯರುಗಳೇ, ಪ್ಲಾಂಟ್ ನೋಡಿ ಬಂದೋರೂ ಬೇಕಾದಷ್ಟು ಜನ, ಹಾಗಾಗಿ ‘ನಾನು ಪ್ರೊಡಕ್ಷನ್ ಪ್ಲಾನಿಂಗ್ ಮಾಡಿದೀನಿ’ ಅಂದ್ರೆ ಅಲ್ಲಿ ಯಾರೂ ತಲೆ ಎತ್ತಿ ನೋಡಲ್ಲ, ಏನು ಮಾಡಿ ಎಷ್ಟು ಉಳಿಸಿದೆ ಅಂತ ಕೇಳ್ತಾರೆ. ಅದೇ ಮಾತು ಜನರಲ್ ಮ್ಯಾನೇಜ್‌ಮೆಂಟ್ ಬ್ಯಾಚಲ್ಲಿ, ಕಾಮರ್ಸ್ ಹುಡುಗ್ರು ಫ್ರೆಶರ್ಸ್ ಮಧ್ಯೆ, ಎದ್ದು ಕಾಣುತ್ತೆ. ಆಪರೇಷನ್ಸೇ ಅಂತ ಖಚಿತ ಇದ್ರೆ ಮುಂಬೈ. ‘ಆಪರೇಷನ್ಸ್ ಗೊತ್ತು ಆದ್ರೆ ಕನ್ಸಲ್ಟಿಂಗ್ ಅಥವಾ ಸೇಲ್ಸ್ ಕಡೆನೂ ನೋಡ್ಬೇಕು’ ಅನ್ನೋದಾದ್ರೆ ತಿರುಚ್ಚಿನ ಸುಮ್ನೆ ತಳ್ಳಿಹಾಕ್ಬೇಡ.

ಕ್ಯಾಂಪಸ್ ಹೈರಿಂಗ್ ಮಾಡೋಳು, ಬೆಂಗ್ಳೂರು:
ಮೇಲಿನವರು ಹೇಳಿದ್ದು ಸರಿ, ಟೇಬಲ್ಲಿನ ಈ ಕಡೆಯಿಂದ ಒಂದೆರಡು ಸೇರಿಸ್ತೀನಿ. ಕಂಪನಿ ಲೋಗೋ ನೋಡಿ ಮರುಳಾಗ್ಬೇಡಿ. ಒಂದೇ ಕಂಪನಿ ಒಂದು ಕ್ಯಾಂಪಸ್ಸಿಗೆ ಲೀಡರ್‌ಶಿಪ್ ಪ್ರೋಗ್ರಾಂಗೆ ಬರುತ್ತೆ, ಇನ್ನೊಂದಕ್ಕೆ ಏರಿಯಾ ಸೇಲ್ಸಿಗೆ, ಮತ್ತೊಂದಕ್ಕೆ ವೇರ್‌ಹೌಸ್ ಶಿಫ್ಟ್ ಮ್ಯಾನೇಜರ್‌ಗೆ, ಬ್ರೋಷರಲ್ಲಿ ಮಾತ್ರ ಮೂರೂ ಕಡೆ ಅದೇ ಲೋಗೋ. ಯಾವ ಕ್ಯಾಂಪಸ್ಸಿಗೆ ಯಾವ ರೋಲ್ ಅನ್ನೋದು ನಮ್ಮಲ್ಲಿ ಇಂಟರ್‌ವ್ಯೂಗೆ ಬರೋ ಮುಂಚೆನೇ ತೀರ್ಮಾನ ಆಗಿರುತ್ತೆ, ನೀವು ಎಷ್ಟೇ ಬುದ್ಧಿವಂತರಾದ್ರೂ ಅಲ್ಲಿ ನಿಂತು ಬದಲಾಯ್ಸೋಕೆ ಆಗಲ್ಲ.

ಪ್ಲೇಸ್‌ಮೆಂಟ್ ರಿಪೋರ್ಟ್ ಓದೋವಾಗ ಹೈಯೆಸ್ಟು ಬಿಡಿ, ಆವರೇಜೂ ಬಿಡಿ, ಮೀಡಿಯನ್ (ಸರಿ ಮಧ್ಯದವನ ಸಂಬಳ) ನೋಡಿ, ಅದರಲ್ಲೂ ಫಿಕ್ಸೆಡ್ ಎಷ್ಟು, ಒಂದೇ ಸಲ ಕೊಡೋ ಜಾಯ್ನಿಂಗ್ ಬೋನಸ್ಸನ್ನ ಸಿಟಿಸಿಲಿ (ವರ್ಷದ ಒಟ್ಟು ಪ್ಯಾಕೇಜಲ್ಲಿ) ಸೇರಿಸಿದಾರಾ, ಬ್ಯಾಚಲ್ಲಿ ಎಷ್ಟು ಜನ ಪ್ಲೇಸ್‌ಮೆಂಟಿಗೇ ಕೂತಿಲ್ಲ, ಇದನ್ನ ನೋಡಿ. ಪ್ಲೇಸ್‌ಮೆಂಟ್ ರಿಪೋರ್ಟ್ ಹೇಗೆ ಬರೀಬೇಕು ಅನ್ನೋದಕ್ಕೆ ಐಪಿಆರ್‌ಎಸ್ ಅಂತ ಒಂದು ಮಾನದಂಡ ಇದೆ, ಆ ಲೆಕ್ಕದಲ್ಲಿ ಆಡಿಟ್ ಮಾಡ್ಸಿ ಹಾಕೋ ಕಾಲೇಜಿನ ರಿಪೋರ್ಟಿಗೂ ಚಂದದ ಬ್ರೋಷರಿಗೂ ವ್ಯತ್ಯಾಸ ಗೊತ್ತಾಗುತ್ತೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಹಿಡ್ಕೊಂಡು ಜಗಳ ಆಡೋರಿಗೆ ಒಂದ್ ಮಾತು, ಅದರಲ್ಲಿ ರಿಸರ್ಚಿಗೇ ನೂರಕ್ಕೆ 30 ಅಂಕ ಇದೆ, ಹುಡುಗ್ರು ಓದಿ ಆದ್ಮೇಲೆ ಏನಾದ್ರು ಅನ್ನೋದಕ್ಕೆ 20. ನೀವು ಪಿಎಚ್‌ಡಿ ಮಾಡೋಕೆ ಹೊರಟಿಲ್ವಲ್ಲ.

ಬ್ಯಾಂಕಿನವ, ಉಡುಪಿ:
ಫೈನಾನ್ಸಲ್ಲಿ ದುಡ್ಡು ಜಾಸ್ತಿ ಅಂತ ಯಾರು ಹೇಳಿದ್ದು ಮಾರಾಯ? ಯಾವ ಫೈನಾನ್ಸು? ನೀವು ಕೇಳಿದ್ದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಸಂಬಳ ಇರ್ಬೇಕು, ಅದಕ್ಕೆ ಜನ ತಗೊಳ್ಳುವ ಕ್ಯಾಂಪಸ್ಸುಗಳೇ ಕೆಲವು, ಸೀಟು ಬೆರಳಲ್ಲಿ ಎಣಿಸುವಷ್ಟು. ಉಳಿದವರೆಲ್ಲ ನಮ್ಮ ಹಾಗೆ, ಕಾರ್ಪೊರೇಟ್ ಕ್ರೆಡಿಟ್, ರಿಸ್ಕ್, ಟ್ರೆಷರಿ, ರಿಸರ್ಚ್ ಬ್ಯಾಕ್ ಆಫೀಸ್. ಸಂಬಳ ಚೆನ್ನಾಗೇ ಉಂಟು, ಆದ್ರೆ ಆಪರೇಷನ್ಸಿನವರಿಗಿಂತ ಆಕಾಶದಲ್ಲಿ ಏನೂ ಇಲ್ಲ.

ಟ್ಯಾಪ್ಮಿ ಬಗ್ಗೆ ಹೇಳುದಾದ್ರೆ, ಟಿ.ಎ. ಪೈ ಕಟ್ಟಿದ ಸಂಸ್ಥೆ, ಅವರು ಸಿಂಡಿಕೇಟ್ ಬ್ಯಾಂಕಿನ ಚೇರ್ಮನ್ ಆಗಿದ್ದವರು. ಆ ಬ್ಯಾಂಕ್ ಹುಟ್ಟಿದ್ದೇ ನಮ್ಮ ಉಡುಪಿಲಿ 1925ರಲ್ಲಿ, ಈಗ 2020ರಿಂದ ಕೆನರಾದೊಳಗೆ ಸೇರಿಹೋಯ್ತು ಬಿಡಿ. ಬ್ಯಾಂಕಿಂಗ್ ಅನ್ನುವುದು ಇಲ್ಲಿಯ ಮಣ್ಣಲ್ಲೇ ಉಂಟು. ಆದ್ರೆ ಬ್ಯಾಂಕಿಂಗ್ ಕೋರ್ಸಿಗೆ ಸೇರಿ ಆಮೇಲೆ ಸಪ್ಲೈ ಚೈನಿಗೆ ಹಾರ್ತೇನೆ ಅಂದ್ರೆ ಅದು ನಿಮಗೂ ಕಷ್ಟ, ಸೀಟಿಗೂ ದಂಡ. ಒಂದು ಕೆಲಸ ಮಾಡಿ, ನಿಮ್ಮ ಫ್ಯಾಕ್ಟರಿ ಪಾರ್ಟ್ಸ್ ಸಪ್ಲೈ ಮಾಡುವ ಕಾರ್ ಕಂಪನಿ ಲಿಸ್ಟ್ ಆಗಿದ್ರೆ ಅದರ ಆನ್ಯುವಲ್ ರಿಪೋರ್ಟ್ ಡೌನ್‌ಲೋಡ್ ಮಾಡಿ ಒಂದು ಭಾನುವಾರ ಕೂತ್ಕೊಂಡು ಓದಿ, ಬ್ಯಾಲೆನ್ಸ್ ಶೀಟು, ಕ್ಯಾಶ್ ಫ್ಲೋ, ಕೆಳಗಿನ ನೋಟ್ಸು ಎಲ್ಲ. ಇನ್ವೆಂಟರಿ (ಸ್ಟಾಕು) ಯಾಕೆ ಏರಿತು ಅಂತ ನೋಡುವಾಗ ಕಣ್ಣು ಗೋಡೌನಿನ ಕಡೆ ಹೋಯ್ತಾ, ಸಾಲದ ಕಡೆ ಹೋಯ್ತಾ ನೋಡಿ. ನಾವು ದಿನಾ ಮಾಡುದು ಇದನ್ನೇ.

ಸಾಲದ ಲೆಕ್ಕನೂ ಹೇಳ್ತೇನೆ. 20 ಲಕ್ಷ, 9 ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂದ್ರೆ ತಿಂಗಳಿಗೆ 25 ಸಾವಿರ ಚಿಲ್ಲರೆ, ಏಳು ವರ್ಷಕ್ಕೆ ಮುಗಿಸ್ತೇನೆ ಅಂದ್ರೆ 32 ಸಾವಿರ. ಓದುವಾಗ ಕಂತು ಇಲ್ಲ ಅಂತ ಖುಷಿಪಡ್ಬೇಡಿ, ಬಡ್ಡಿ ಓಡ್ತಾನೇ ಇರ್ತದೆ. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇದ್ರೆ ಪಿಎಂ ವಿದ್ಯಾಲಕ್ಷ್ಮಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಲಿ 10 ಲಕ್ಷದವರೆಗಿನ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಕೇಳ್ಬಹುದು, ಕಾಲೇಜು ಆ ಪಟ್ಟಿಲಿ ಉಂಟಾ ನೋಡಿ. ಬಡ್ಡಿಗೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಇರುವುದು ಹಳೇ ಟ್ಯಾಕ್ಸ್ ರಿಜೀಮಿಗೆ ಮಾತ್ರ.

ಐಎಸ್‌ಬಿಯವನು, ಹೈದರಾಬಾದ್:
ಕಾಯೋದ್ರ ಬಗ್ಗೆ. ನಮ್ದು ಒಂದೇ ವರ್ಷದ ಕೋರ್ಸು, ಸಮ್ಮರ್ ಇಂಟರ್ನ್‌ಶಿಪ್ ಇಲ್ಲ. ಇರೋ ಲೈನಲ್ಲೇ ಎರಡು ಮೆಟ್ಲು ಹತ್ಬೇಕು ಅನ್ನೋರಿಗೆ, ಐದಾರು ವರ್ಷ ಕೆಲಸ ಮಾಡಿರೋರಿಗೆ ಇದು ಹೇಳಿ ಮಾಡ್ಸಿದ್ದು, ಒಂದೇ ವರ್ಷದ ಸಂಬಳ ಹೋಗೋದು. ಲೈನೇ ಬದಲಾಯಿಸ್ಬೇಕು ಅನ್ನೋರಿಗೆ ‘ನಾನು ಈ ಕೆಲಸ ಎರಡು ತಿಂಗಳು ಮಾಡಿ ನೋಡಿದೀನಿ’ ಅಂತ ತೋರ್ಸೋಕೆ ಜಾಗ ಇಲ್ಲ. ಫೀಸೂ ನೀವು ಹೇಳಿರೋ ಮೂರಕ್ಕಿಂತ ದೊಡ್ಡದು. ಆಫರ್ ಕೈಲಿ ಇಟ್ಕೊಂಡು ಇದಕ್ಕೆ ಕಾಯಿ ಅಂತ ನಾನಂತೂ ಹೇಳಲ್ಲ.

ಧಾರವಾಡದಾಕಿ:
ನಿಮ್ಮ ಅಪ್ಪಾರು ಹೇಳೋದ್ರಾಗ ಅರ್ಧ ಖರೆ ಐತ್ರಿ. ನಾ ಪಿಜಿಸಿಇಟಿ (ನಮ್ಮ ರಾಜ್ಯದ ಎಂಟ್ರೆನ್ಸ್) ಬರದು ಕರ್ನಾಟಕ ಯೂನಿವರ್ಸಿಟಿ ಕೌಸಾಳಿ ಇನ್‌ಸ್ಟಿಟ್ಯೂಟ್‌ನ್ಯಾಗ ಎಂಬಿಎ ಮಾಡೀನಿ, ಸಾಲ ಅನ್ನೂದು ತಲಿಗೆ ಬರಲಿಲ್ಲ, ಈಗ ಹುಬ್ಬಳ್ಳ್ಯಾಗ ನಮ್ಮ ಮನಿ ಹತ್ತಿ-ಬೀಜದ ವ್ಯಾಪಾರ ನಾನ ನೋಡ್ಕೊಳ್ಳಾಕತ್ತೀನಿ. ನನಗ ಬೇಕಾಗಿದ್ದು ಲೆಕ್ಕಾಚಾರ, ಜಿಎಸ್‌ಟಿ, ಬ್ಯಾಂಕಿನವ್ರ ಜೋಡಿ ಮಾತಾಡೋ ಧೈರ್ಯ, ಅಷ್ಟು ಸಿಕ್ಕತು. ಆದ್ರ ನಿಮ್ಗ ಮನಿ ವ್ಯಾಪಾರ ಇಲ್ಲ, ದೊಡ್ಡ ಕಂಪನ್ಯಾಗ ಸಪ್ಲೈ ಚೈನ್ ಮಾಡ್ಬೇಕಂತೀರಿ, ಆ ಕಂಪನಿಯವ್ರು ಅದಕ್ಕ ನಮ್ಮ ಕಡಿ ಬರಂಗಿಲ್ರಿ. ಮಾರ್ಕೆಟಿಂಗ್, ಇನ್ಶೂರೆನ್ಸ್, ಪ್ರೈವೇಟ್ ಬ್ಯಾಂಕಿನವ್ರು ಬರ್ತಾರ. ಅಪ್ಪಾರಿಗೆ ಇದನ್ನ ಹಿಂಗ ಬಿಡಿಸಿ ಹೇಳ್ರಿ, ತಿಳೀತಾವ ಅವ್ರಿಗೆ.

ಇನ್ನೊಬ್ಬರು:
ಫಿಟ್ಟು ಗಿಟ್ಟು ಅಂತ ತಲೆ ಕೆಡಿಸ್ಕೋಬೇಡಿ, ಐಐಎಂ ಅನ್ನೋ ಮೂರಕ್ಷರ ಜೀವನಪೂರ್ತಿ ರೆಸ್ಯೂಮೆಲಿ ಇರುತ್ತೆ. ಅಷ್ಟೆ.

ಕ್ಯಾಂಪಸ್ ಹೈರಿಂಗ್ ಮಾಡೋಳು:
ಮೇಲಿನ ಮಾತಿಗೆ, ಇರುತ್ತೆ, ನಿಜ. ಆದ್ರೆ ಈಗ ಐಐಎಂಗಳೇ ಇಪ್ಪತ್ತಕ್ಕಿಂತ ಜಾಸ್ತಿ ಇವೆ, ನಾವು ಶಾರ್ಟ್‌ಲಿಸ್ಟ್ ಮಾಡೋವಾಗ ಯಾವ ಐಐಎಂ ಅಂತ ಮೊದ್ಲು ಕೇಳ್ತೀವಿ, ಅಲ್ಲಿ ಏನು ಮಾಡಿದ್ರಿ ಅಂತ ಆಮೇಲೆ.

ಕೇಳಿದವನು:
ಎಲ್ರಿಗೂ ಥ್ಯಾಂಕ್ಸ್. ಆನ್ಯುವಲ್ ರಿಪೋರ್ಟ್ ಓದ್ದೆ ಸಾರ್, ಇನ್ವೆಂಟರಿ ಡೇಸ್ (ಸ್ಟಾಕ್ ಎಷ್ಟು ದಿನ ಕೂತಿರುತ್ತೆ ಅನ್ನೋದು) ಲೆಕ್ಕ ಹಾಕ್ತಾ ಹಾಕ್ತಾ ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ, ಡೆಟ್ ಸೆಕ್ಷನ್ನಿಗೆ ಬಂದಾಗ ಕಾಫಿ ಮಾಡೋಕೆ ಎದ್ದೆ. ಟ್ಯಾಪ್ಮಿ ಬಿಡ್ತೀನಿ. ಮುಂಬೈ, ತಿರುಚ್ಚಿ ಎರಡರಲ್ಲೂ ಸೆಕೆಂಡ್ ಇಯರ್ ಹುಡುಗ್ರಿಗೆ ಮೆಸೇಜ್ ಹಾಕಿದೀನಿ, ಏನು ಕೇಳ್ಬೇಕು?

ಪವಾಯಿಲಿ ಓದಿದವನು:
‘ಕಾಲೇಜು ಹೆಂಗಿದೆ’ ಅಂತ ಕೇಳ್ಬೇಡ, ಎಲ್ರೂ ಸೂಪರ್ ಅಂತಾರೆ. ನಿನ್ನ ಹಾಗೇ ಪ್ಲಾಂಟಲ್ಲಿ ಎರಡು-ಮೂರು ವರ್ಷ ಇದ್ದು ಬಂದೋನ್ನ ಹುಡುಕು, ಸಮ್ಮರ್‌ಗೆ ಎಷ್ಟು ಕಂಪನಿ ಅವನನ್ನ ಶಾರ್ಟ್‌ಲಿಸ್ಟ್ ಮಾಡಿದ್ವು, ಯಾವ ರೋಲಿಗೆ, ಇಂಟರ್ನ್‌ಶಿಪ್ಪಲ್ಲಿ ಏನು ಪ್ರಾಜೆಕ್ಟ್ ಕೊಟ್ರು, ಅವನಿಗಿಂತ ಕೆಲಸದ ಅನುಭವ ಕಮ್ಮಿ ಇರೋರಿಗೆ ಏನು ಸಿಕ್ತು ಅಂತ ಕೇಳು. ಒಬ್ಬನ್ನ ಕೇಳಿ ನಿಲ್ಲಿಸ್ಬೇಡ, ಪಿಪಿಒ ಸಿಗದೇ ಇರೋನೊಬ್ಬನ ಹತ್ರನೂ ಮಾತಾಡು, ಅವನೇ ನಿಜ ಹೇಳೋದು. ಮತ್ತೆ ಎರಡೂ ಕಡೆ ಸೀಟ್ ಬ್ಲಾಕ್ ಮಾಡೋಕೆ ಅಡ್ವಾನ್ಸ್ ಕಟ್ಟೋ ಮುಂಚೆ ಆಫರ್ ಲೆಟರಲ್ಲಿ ರೀಫಂಡ್ ಕಡೇ ದಿನಾಂಕ ಯಾವ್ದು, ಎಷ್ಟು ಹಿಡ್ಕೊತಾರೆ ಅಂತ ಓದ್ಕೊ, ಒಂದೊಂದು ಕಡೆ ಒಂದೊಂದು ಥರ ಇರುತ್ತೆ.