ಜಾಜ್ ಉತ್ಸವ ಶುರು ಮಾಡಿದವರು ಬಿಟ್ಟು ಹೋದರೆ ಮುಂದೆ ಯಾರು?

‘ಮೂರನೇ ಸಾಲು’ ಅನ್ನುವ ಅಡ್ಡಹೆಸರಿನವರು ಚರ್ಚಾಕಟ್ಟೆಯಲ್ಲಿ ಕೇಳಿದ್ದು (ಉತ್ತರ ಕೊಟ್ಟವರದೂ ಅಡ್ಡಹೆಸರುಗಳೇ):

ನಮ್ಮದು ಚಿಕ್ಕ ಜಾಜ್ ಉತ್ಸವ. ವರ್ಷಕ್ಕೊಮ್ಮೆ, ಒಂದು ವಾರಾಂತ್ಯ, ಎರಡು ವೇದಿಕೆ. ಪ್ರವೇಶ ಉಚಿತ. ನಾನು ಸಂಗೀತಗಾರ ಅಲ್ಲ. ಕುರ್ಚಿ ಹಾಕೋದಕ್ಕೆ ಬಂದವನು, ಈಗ ಸಮಿತಿಯಲ್ಲಿ ಕೂತಿದ್ದೇನೆ.

ಇದನ್ನು ಶುರು ಮಾಡಿದ ಹಿರಿಯರು ಮುಂದಿನ ವರ್ಷದಿಂದ ನನ್ನನ್ನು ಬಿಟ್ಟುಬಿಡಿ ಎಂದಿದ್ದಾರೆ. ಸಿಟ್ಟೇನೂ ಇಲ್ಲ, ಮೈಯಲ್ಲಿ ಆಗುತ್ತಿಲ್ಲ ಅಷ್ಟೇ. ಆದರೆ ಯಾವ ಬ್ಯಾಂಡಿಗೆ ಎಷ್ಟು ಕೊಡಬೇಕು, ಮೈದಾನದ ಪರವಾನಗಿಗೆ ಯಾರನ್ನು ಹಿಡಿಯಬೇಕು, ಪಿಯಾನೋ ಎಲ್ಲಿಂದ ಬರುತ್ತದೆ, ಮಳೆ ಬಂದಾಗ ಆ ಒಳಗಿನ ಹಾಲ್ ಹೇಗೆ ಸಿಕ್ಕಿತು, ಇದೆಲ್ಲ ಅವರ ತಲೆಯಲ್ಲಿದೆ, ಇಲ್ಲ ಅವರ ಫೋನಿನಲ್ಲಿದೆ. ಬೇರೆ ಎಲ್ಲೂ ಇಲ್ಲ.

ಸಮಿತಿಯಲ್ಲಿ ಈಗ ಮೂರು ಬಣ. ಟಿಕೆಟ್ ಇಡೋಣ ಅನ್ನುವವರು, ಒಬ್ಬ ದೊಡ್ಡ ಪ್ರಾಯೋಜಕರನ್ನು ಹಿಡಿದು ಹೆಸರನ್ನೇ ಕೊಟ್ಟುಬಿಡೋಣ ಅನ್ನುವವರು, ಮರ್ಯಾದೆಯಿಂದ ನಿಲ್ಲಿಸಿಬಿಡೋಣ ಅನ್ನುವವರು. ಸ್ವಯಂಸೇವಕರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ. ಇಂಥ ಉತ್ಸವ ನಡೆಸಿದವರು, ನುಡಿಸಿದವರು ಯಾರಾದರೂ ಇದ್ದರೆ ಹೇಳಿ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಲೆಕ್ಕದ ಪುಸ್ತಕ:

ನಿಮ್ಮ ಮೂರೂ ಬಣಗಳು ಹಣದ ಬಗ್ಗೆ ಜಗಳ ಮಾಡುತ್ತಿವೆ. ನೀವು ಬರೆದಿರುವ ತೊಂದರೆ ಹಣದ್ದಲ್ಲ, ಎಲ್ಲ ಒಬ್ಬರ ಮೇಲೆ ನಿಂತಿರುವುದರದ್ದು. ನಾಳೆ ದೊಡ್ಡ ಪ್ರಾಯೋಜಕರು ಸಿಕ್ಕರು ಅಂತಲೇ ಇಟ್ಟುಕೊಳ್ಳಿ, ಅವರು ಫೋನ್ ಮಾಡುವುದು ಯಾರಿಗೆ?

ನ್ಯೂಪೋರ್ಟ್ ಕಥೆ ನೋಡಿ. ಅಮೆರಿಕದಲ್ಲಿ 1954ರಲ್ಲಿ ಶುರುವಾದ ಉತ್ಸವ, ಜಾಜ್ ಉತ್ಸವ ಅಂದರೆ ಮೊದಲು ನೆನಪಾಗುವ ಹೆಸರು. ಅದನ್ನು ಕಟ್ಟಿದ ಜಾರ್ಜ್ ವೀನ್ 2007ರಲ್ಲಿ ತಮ್ಮ ಕಂಪನಿಯನ್ನು ಮಾರಿದರು. ಕೊಂಡವರು ಎರಡೇ ವರ್ಷದಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿಬಿದ್ದರು. 2009ರಲ್ಲಿ ವೀನ್, ಎಂಬತ್ತು ದಾಟಿದ ಮನುಷ್ಯ, ಮತ್ತೆ ಬಂದು ಉತ್ಸವ ನಡೆಸಬೇಕಾಯಿತು. ಅದಾದ ಮೇಲೆ ಅವರು ಅದನ್ನು ಯಾರಿಗೂ ಮಾರಲಿಲ್ಲ, ಲಾಭಕ್ಕಲ್ಲದ ಒಂದು ಪ್ರತಿಷ್ಠಾನ ಮಾಡಿ ಅದರ ಕೈಗೆ ಕೊಟ್ಟರು. 2016ರಲ್ಲಿ ಬಾಸ್ ವಾದಕ ಕ್ರಿಶ್ಚಿಯನ್ ಮೆಕ್‌ಬ್ರೈಡ್ ಅವರನ್ನು ಕಲಾ ನಿರ್ದೇಶಕರೆಂದು ಘೋಷಿಸಿದರು. ವೀನ್ ತೀರಿಕೊಂಡಿದ್ದು 2021ರಲ್ಲಿ, 95ರ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಹೊಸಬರು ಕೆಲಸಕ್ಕೆ ಪಳಗಿಬಿಟ್ಟಿದ್ದರು.

ಸ್ವಿಟ್ಜರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಹಾಗೆ ನಿಧಾನಕ್ಕೆ ಒಪ್ಪಿಸುವ ಅವಕಾಶವೇ ಸಿಗಲಿಲ್ಲ. 1967ರಲ್ಲಿ ಅದನ್ನು ಶುರು ಮಾಡಿದ ಕ್ಲೋಡ್ ನಾಬ್ಸ್ ಸ್ಕೀಯಿಂಗ್ ಮಾಡುವಾಗ ಬಿದ್ದು 2013ರ ಜನವರಿಯಲ್ಲಿ ತೀರಿಕೊಂಡರು. ಆದರೂ ಆ ಬೇಸಿಗೆಯ ಉತ್ಸವ ನಡೆಯಿತು. ಏಕೆಂದರೆ ಮಥ್ಯೂ ಜಾಟನ್ ವರ್ಷಗಟ್ಟಲೆ ಅವರ ಜೊತೆಯಲ್ಲೇ ಕೆಲಸ ಮಾಡಿದ್ದರು, ಯಾವ ಕಡತ ಎಲ್ಲಿದೆ ಅಂತ ಹುಡುಕಬೇಕಾಗಿ ಬರಲಿಲ್ಲ.

ನಿಮ್ಮ ಹಿರಿಯರು ಇನ್ನೂ ಇದ್ದಾರೆ, ಮಾತಾಡುತ್ತಾರೆ, ಸಿಟ್ಟೂ ಇಲ್ಲ. ಇದಕ್ಕಿಂತ ಒಳ್ಳೆ ಸಮಯ ಬೇಕಾ? ಈ ವರ್ಷದ ಉತ್ಸವದಲ್ಲಿ ಅವರ ಪಕ್ಕದಲ್ಲಿ ಇಬ್ಬರನ್ನು ಕೂರಿಸಿ. ಒಬ್ಬರಲ್ಲ, ಇಬ್ಬರು. ಪ್ರತಿ ಫೋನ್, ಪ್ರತಿ ಪತ್ರ ಆ ಇಬ್ಬರ ಮುಂದೆಯೇ ಹೋಗಲಿ. ಬ್ಯಾಂಕ್ ಖಾತೆಗೆ ಎರಡನೇ ಸಹಿ, ಉತ್ಸವದ ಹೆಸರಿನದೇ ಇಮೇಲ್, ಎಲ್ಲರೂ ತೆರೆಯಬಹುದಾದ ಒಂದು ಕಡತ. ಬೇಜಾರಿನ ಕೆಲಸ, ಗೊತ್ತು. ಟಿಕೆಟ್ ಜಗಳ ಆಮೇಲೆ ಮಾಡಿಕೊಳ್ಳಿ.

ಸ್ಯಾಕ್ಸ್ ಚೀಲ:

ನುಡಿಸುವವರ ಕಡೆಯಿಂದ ಒಂದು ಮಾತು. ಹಣ ಸಾಲದೆ ಬಂದಾಗ ಇಂಥ ಸಮಿತಿಗಳು ಮೊದಲು ಕತ್ತರಿಸುವುದು ನಮ್ಮ ಸಂಭಾವನೆಯನ್ನು. ಜನರೇಟರ್ ಬಾಡಿಗೆ ಕತ್ತರಿಸಲ್ಲ, ಪೆಂಡಾಲ್ ಕತ್ತರಿಸಲ್ಲ. ‘ನಿಮಗೂ ಪ್ರಚಾರ ಸಿಗುತ್ತೆ ಅಲ್ವಾ’ ಅಂತಾರೆ.

ಇದೇನೂ ಹೊಸ ಜಗಳ ಅಲ್ಲ. 1960ರಲ್ಲಿ ಬಾಸ್ ವಾದಕ ಚಾರ್ಲ್ಸ್ ಮಿಂಗಸ್, ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಮತ್ತು ಇನ್ನಿತರರು ಇದೇ ನ್ಯೂಪೋರ್ಟ್ ಊರಲ್ಲಿ, ಉತ್ಸವ ನಡೆಯುತ್ತಿದ್ದಾಗಲೇ, ಕ್ಲಿಫ್ ವಾಕ್ ಮ್ಯಾನರ್ ಅನ್ನುವ ಹೋಟೆಲಿನಲ್ಲಿ ತಮ್ಮದೇ ಎದುರು ಉತ್ಸವ ನಡೆಸಿದರು. ದೊಡ್ಡ ಹೆಸರಿಗೆ ಒಂದು ದುಡ್ಡು, ಸಂಗೀತವನ್ನು ಮುಂದಕ್ಕೆ ಒಯ್ಯುವವರಿಗೆ ಇನ್ನೊಂದು ದುಡ್ಡು ಅನ್ನುವುದೇ ಅವರ ತಕರಾರು. ಆ ವರ್ಷ ಮುಖ್ಯ ಉತ್ಸವದ ಒಳಗೆ ಜಾಗ ಸಿಗದ ಹುಡುಗರು ಹೊರಗೆ ಗಲಾಟೆ ಎಬ್ಬಿಸಿ, ಉತ್ಸವವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಹೋಟೆಲಿನ ಸಣ್ಣ ಉತ್ಸವ ನಡೆಯುತ್ತಲೇ ಇತ್ತು.

ನಮಗೆ ಬೇಕಾಗಿರುವುದು ಜಾಸ್ತಿ ಏನಲ್ಲ. ಎಷ್ಟು ಕೊಡುತ್ತೀರಿ ಅಂತ ಮೊದಲೇ ಹೇಳಿ, ಬರವಣಿಗೆಯಲ್ಲಿ. ನಾಯಕನಿಗೆ ಮಾತ್ರ ಅಲ್ಲ, ಡ್ರಮ್ಸ್, ಬಾಸ್ ನುಡಿಸುವವರಿಗೂ ಅದು ಗೊತ್ತಿರಲಿ. ನುಡಿಸಿದ ರಾತ್ರಿಯೇ ದುಡ್ಡು ಕೈಗೆ ಬರಲಿ. ಹಾಗೆ ಮಾಡುವ ಚಿಕ್ಕ ಉತ್ಸವಕ್ಕೆ ಕಡಿಮೆ ದುಡ್ಡಿಗೂ ಹೋಗುತ್ತೇನೆ, ನನ್ನ ಹಾಗೆ ಹೋಗುವವರು ತುಂಬಾ ಜನ ಇದ್ದಾರೆ. ಇನ್ನೊಂದು ಉತ್ಸವ ಇತ್ತು, ಹೆಸರು ಬೇಡ, ಚೆಕ್ ಬರುವಷ್ಟರಲ್ಲಿ ಮುಂದಿನ ವರ್ಷದ ಕರೆಯೋಲೆಯೇ ಬಂದಿತ್ತು.

ಬ್ಯಾಂಡು ಕಡಿಮೆ ಮಾಡಿ, ದುಡ್ಡು ಕಡಿಮೆ ಮಾಡಬೇಡಿ. ಎರಡು ವೇದಿಕೆ ಯಾಕೆ ಬೇಕು?

ವೇದಿಕೆ ಹಿಂದೆ:

ಎರಡು ವೇದಿಕೆ ಯಾಕೆ ಬೇಕು ಅಂದರೆ, ಒಂದರಲ್ಲಿ ಸಾಮಾನು ಬದಲಾಯಿಸುವಾಗ ಇನ್ನೊಂದರಲ್ಲಿ ಸಂಗೀತ ನಡೆಯಲಿ ಅಂತ. ಒಂದೇ ವೇದಿಕೆ ಇದ್ದು, ಟ್ರಿಯೋ (ಮೂವರ ತಂಡ) ಇಳಿದು ಬಿಗ್ ಬ್ಯಾಂಡ್ ಹತ್ತಬೇಕು ಅಂದರೆ ಐದು ಸ್ಯಾಕ್ಸೋಫೋನ್, ನಾಲ್ಕು ಟ್ರೊಂಬೋನ್, ನಾಲ್ಕು ಟ್ರಂಪೆಟ್, ಅದರ ಮೇಲೆ ಪಿಯಾನೋ ಗಿಟಾರ್ ಬಾಸ್ ಡ್ರಮ್ಸ್, ಹದಿನೇಳು ಜನರಿಗೆ ಕುರ್ಚಿ, ಸ್ಟ್ಯಾಂಡ್, ದೀಪ, ಮೈಕ್ ಎಲ್ಲ ಅರ್ಧ ಗಂಟೆಯಲ್ಲಿ ಆಗಬೇಕು, ಅಷ್ಟು ಹೊತ್ತು ಜನ ಸುಮ್ನೆ ಕೂರುವುದಿಲ್ಲ, ಎದ್ದು ಹೋಗುತ್ತಾರೆ. ಆದರೂ ಸ್ಯಾಕ್ಸ್ ಚೀಲ ಹೇಳಿದ್ದರಲ್ಲಿ ನ್ಯಾಯ ಇದೆ. ಕೈಗಳು ಕಡಿಮೆ ಇದ್ದರೆ ಒಂದೇ ವೇದಿಕೆ ಇಟ್ಟು, ದೊಡ್ಡ ಬ್ಯಾಂಡನ್ನು ದಿನದ ಮೊದಲಿಗೆ ಹಾಕಿ. ಅವರ ಸೌಂಡ್‌ಚೆಕ್ (ಧ್ವನಿ, ಮೈಕ್ ಪರೀಕ್ಷೆ) ಜನ ಬರುವ ಮೊದಲೇ ಮುಗಿಯುತ್ತದೆ. ಆಮೇಲೆ ಬರುವ ಚಿಕ್ಕ ತಂಡಗಳಿಗೆ ಮೈಕ್ ಬರುತ್ತಿದೆಯಾ ಅಂತ ನೋಡಿಕೊಂಡರೆ ಸಾಕು.

ಈಗ ಸ್ವಯಂಸೇವಕರ ವಿಷಯ. ಕಡಿಮೆ ಆಗುತ್ತಿದ್ದಾರೆ ಅಂದಿರಿ. ಅವರಿಗೆ ಏನು ಕೆಲಸ ಕೊಡುತ್ತೀರಿ? ಬೆಳಿಗ್ಗೆಯಿಂದ ರಾತ್ರಿವರೆಗೆ ವಾಹನ ನಿಲ್ದಾಣದಲ್ಲಿ ನಿಲ್ಲಿಸಿ, ಒಂದು ಹಾಡೂ ಕೇಳಿಸದ ಹಾಗೆ ಮಾಡಿದರೆ ಯಾರು ಬರುತ್ತಾರೆ? ನಾಲ್ಕು ಗಂಟೆಗಿಂತ ಉದ್ದದ ಪಾಳಿ ಬೇಡ. ಪಾಳಿ ಮುಗಿದ ಮೇಲೆ ಕೇಳುವ ಸಮಯ ಇರಬೇಕು. ಯಾರಿಗೆ ಯಾವ ಬ್ಯಾಂಡು ಇಷ್ಟ ಅಂತ ಮೊದಲೇ ಕೇಳಿ, ಆ ಹೊತ್ತಿಗೆ ಅವರಿಗೆ ಕೆಲಸ ಹಾಕಬೇಡಿ. ಇಷ್ಟು ಮಾಡಿದರೆ ಮರುವರ್ಷವೂ ಬರುತ್ತಾರೆ, ಗೆಳೆಯರನ್ನೂ ಕರೆತರುತ್ತಾರೆ. ಟೀ ಶರ್ಟ್ ಕೊಟ್ಟರೆ ಸಾಲದು.

ಕೆಲವು ಕೆಲಸಗಳನ್ನು ಮಾತ್ರ ಸ್ವಯಂಸೇವಕರಿಗೆ ಬಿಡಲೇಬೇಡಿ. ಧ್ವನಿ, ವಿದ್ಯುತ್ತು, ಪಿಯಾನೋ ಶ್ರುತಿ. ಇವಕ್ಕೆ ದುಡ್ಡು ಕೊಟ್ಟು ಕಲಿತವರನ್ನೇ ಕರೆಸಿ. ಪಿಯಾನೋ ಮಹಾ ಸೂಕ್ಷ್ಮ. ಲಾರಿಯಿಂದ ಇಳಿಸಿದ ತಕ್ಷಣ ಶ್ರುತಿ ಮಾಡಿಸಿದರೆ ಪ್ರಯೋಜನ ಇಲ್ಲ, ಅದು ಇರಬೇಕಾದ ಜಾಗದಲ್ಲಿ ಕೂತು, ಅಲ್ಲಿನ ಗಾಳಿಗೆ ಹೊಂದಿಕೊಂಡ ಮೇಲೆ ಮಾಡಿಸಬೇಕು. ಬಯಲಿನಲ್ಲಾದರೆ ಸಂಜೆ ತಂಪಾಗುತ್ತಿದ್ದ ಹಾಗೆ ಮತ್ತೆ ಜಾರುತ್ತದೆ, ಹಾಗಾಗಿ ಶ್ರುತಿ ಮಾಡುವವರು ಮುಖ್ಯ ಸಂಗೀತ ಕಛೇರಿಗೆ ಮುಂಚೆ ಇನ್ನೊಮ್ಮೆ ಬರುವ ಹಾಗೆ ಮಾತಾಡಿಟ್ಟುಕೊಳ್ಳಿ. 1975ರ ಜನವರಿಯಲ್ಲಿ ಜರ್ಮನಿಯ ಕೋಲ್ನ್ ನಗರದಲ್ಲಿ ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ ಕಛೇರಿ ಇಟ್ಟವರು ವೆರಾ ಬ್ರಾಂಡೆಸ್, ಆಗ ಅವರಿಗೆ 18 ವರ್ಷ. ವೇದಿಕೆಗೆ ಬಂದಿದ್ದು ಹೇಳಿದ ಪಿಯಾನೋ ಅಲ್ಲ, ಶ್ರುತಿ ಕೆಟ್ಟ ಚಿಕ್ಕ ಪಿಯಾನೋ. ಶ್ರುತಿಗಾರರು ಕೂತು ಅದನ್ನು ನುಡಿಸುವ ಮಟ್ಟಕ್ಕೆ ತಂದರು, ಜ್ಯಾರೆಟ್ ನುಡಿಸಿದರು, ಆ ಧ್ವನಿಮುದ್ರಣ ಲೋಕಪ್ರಸಿದ್ಧ ಆಯಿತು. ಎಲ್ಲರೂ ಈ ಕಥೆಯನ್ನು ಜ್ಯಾರೆಟ್ ಪ್ರತಿಭೆಗೆ ಸಾಕ್ಷಿ ಅಂತ ಹೇಳುತ್ತಾರೆ. ನನಗೆ ನೆನಪಾಗುವುದು ಆ ಶ್ರುತಿಗಾರರು.

ಚಿಲ್ಲರೆ ವಿಷಯ ಎರಡು. ಡ್ರಮ್ಸ್ ಕೆಳಗೆ ಜಮಖಾನೆ ಹಾಸಿ, ಇಲ್ಲದಿದ್ದರೆ ಬಾಸ್ ಡ್ರಮ್ ಒದ್ದ ಹಾಗೆಲ್ಲ ಮುಂದಕ್ಕೆ ಜಾರುತ್ತದೆ. ಬಯಲಲ್ಲಿ ನುಡಿಸುವವರಿಗೆ ಬಟ್ಟೆ ಕ್ಲಿಪ್ ಒಂದು ಡಬ್ಬ ಇಡಿ, ಹಾಳೆಗಳು ಹಾರಿಹೋಗುತ್ತವೆ.

ಕೊನೆಯ ಕೋರಸ್:

ನಿಲ್ಲಿಸೋಣ ಅನ್ನುವ ಬಣದ ಪರವಾಗಿ ಯಾರೂ ಮಾತಾಡಲಿಲ್ಲ, ನಾನು ಮಾತಾಡುತ್ತೇನೆ. ಒಂದು ಉತ್ಸವ ಯಾವಾಗಲೂ ನಡೆಯಲೇಬೇಕು ಅಂತ ಯಾಕೆ? ಒಬ್ಬರ ರುಚಿಯಿಂದ ಹುಟ್ಟಿದ್ದು ಅವರ ಜೊತೆ ಮುಗಿದರೆ ತಪ್ಪೇನು? ಸ್ವಿಟ್ಜರ್ಲೆಂಡಿನ ವಿಲಿಸಾವ್ ಉತ್ಸವ ಅಂದರೆ ನಿಕ್ಲಾಸ್ ಟ್ರಾಕ್ಸ್‌ಲರ್. ಗ್ರಾಫಿಕ್ ಕಲಾವಿದ. 1975ರಿಂದ 2009ರವರೆಗೆ ಬ್ಯಾಂಡುಗಳನ್ನು ಆರಿಸಿದ್ದೂ ಅವರೇ, ಪೋಸ್ಟರ್ ಬರೆದಿದ್ದೂ ಅವರೇ. ಆ ಪೋಸ್ಟರುಗಳೇ ಬೇರೆ ಒಂದು ಲೋಕ. ಸಮಿತಿ ಕೂತು ಮತ ಹಾಕಿ ಆರಿಸಿದ ಕಾರ್ಯಕ್ರಮಕ್ಕೆ ಆ ಕಣ್ಣು ಬರುತ್ತಾ? ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟ ಆಗುವಂಥ, ಯಾರಿಗೂ ನೆನಪುಳಿಯದ ಪಟ್ಟಿ ಬರುತ್ತದೆ.

ಲೆಕ್ಕದ ಪುಸ್ತಕ:

ನೀವು ಅರ್ಧ ಹೇಳಿದಿರಿ. 2010ರಿಂದ ವಿಲಿಸಾವ್ ನಡೆಸಿದ್ದು ಅವರ ಅಣ್ಣತಮ್ಮಂದಿರ ಮಗ ಆರ್ನೋ ಟ್ರಾಕ್ಸ್‌ಲರ್. ನಿಂತುಹೋಗಲಿಲ್ಲ. ಆದರೆ ಆಯ್ಕೆಯ ಮಾತು ಒಪ್ಪುತ್ತೇನೆ. ಲೆಕ್ಕ, ಪರವಾನಗಿ, ಪಾಳಿ ಎಲ್ಲ ಹತ್ತು ಜನ ಹಂಚಿಕೊಳ್ಳಲಿ. ಯಾರು ನುಡಿಸಬೇಕು ಅನ್ನುವುದನ್ನು ಒಬ್ಬರಿಗೆ, ಮೂರು ವರ್ಷದ ಅವಧಿಗೆ, ಪೂರ್ತಿ ಬಿಟ್ಟುಕೊಡಿ. ಆಮೇಲೆ ಬೇರೆಯವರು.

ಮೂರನೇ ಸಾಲು:

ಎಲ್ಲರಿಗೂ ಥ್ಯಾಂಕ್ಸ್. ಮೂರು ವರ್ಷದ ಅವಧಿ ಒಳ್ಳೆ ಯೋಚನೆ, ಅದನ್ನು ಸಭೆಯಲ್ಲಿ ಇಡುತ್ತೇನೆ. ಆದರೆ ಹಣದ ಪ್ರಶ್ನೆಯನ್ನು ಎಲ್ಲರೂ ಆಮೇಲೆ ಅಂತ ತಳ್ಳಿದಿರಿ. ದುಡ್ಡು ಕೊಟ್ಟು ಶ್ರುತಿಗಾರರನ್ನು ಕರೆಸಿ, ರಾತ್ರಿಯೇ ಸಂಭಾವನೆ ಕೊಡಿ ಅಂತೀರಿ, ಎಲ್ಲಿಂದ? ಟಿಕೆಟ್ ಇಟ್ಟರೆ ಈಗ ಬರುವವರಲ್ಲಿ ಅರ್ಧ ಜನ, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಸುಮ್ನೆ ಬಂದು ಕೂರುವವರು, ಬರುವುದಿಲ್ಲ. ಅವರಿಗೋಸ್ಕರವೇ ತಾನೇ ಇದನ್ನು ಮಾಡುತ್ತಿರುವುದು.

ಹಳೆ ಟ್ರಂಪೆಟ್:

ಎರಡೂ ಇಡಬಹುದು. ಫ್ರಾನ್ಸಿನ ಮಾರ್ಸಿಯಾಕ್ ನೋಡಿ. ಸಾವಿರ ಚಿಲ್ಲರೆ ಜನ ಇರುವ ಹಳ್ಳಿ, 1978ರಿಂದ ಉತ್ಸವ ನಡೆಯುತ್ತಿದೆ. ದೊಡ್ಡ ಹೆಸರುಗಳು ನುಡಿಸುವ ಗುಡಾರಕ್ಕೆ ಟಿಕೆಟ್. ಹಳ್ಳಿಯ ಚೌಕದಲ್ಲಿ ಹಗಲು ನಡೆಯುವುದೆಲ್ಲ ಉಚಿತ. ನಡೆಸುವುದಕ್ಕೆ ನೂರಾರು ಸ್ವಯಂಸೇವಕರು. ಅದನ್ನು ಮುನ್ನಡೆಸಿದ ಜಾನ್ ಲೂಯಿ ಗಿಲೋಮಾನ್ ಅಲ್ಲಿನ ಶಾಲೆಯ ಮುಖ್ಯಸ್ಥರಾಗಿದ್ದವರು, ಮುಂದೆ ಆ ಊರಿನ ಮೇಯರ್ ಕೂಡ ಆದರು. ಆ ಶಾಲೆಯಲ್ಲಿ ಮಕ್ಕಳಿಗೆ ಜಾಜ್ ಕಲಿಸುತ್ತಾರೆ. ಸ್ವಯಂಸೇವಕರು ಎಲ್ಲಿಂದ ಬರುತ್ತಾರೆ ಅಂತ ಕೇಳುವವರು ಇದನ್ನು ಗಮನಿಸಬೇಕು.

ನ್ಯೂ ಆರ್ಲಿಯನ್ಸ್‌ನಲ್ಲೂ ಅಷ್ಟೇ. 1970ರ ಮೊದಲ ಉತ್ಸವಕ್ಕೆ ಬಂದ ಕೇಳುಗರು ಸುಮಾರು 350. ವೇದಿಕೆ ಮೇಲಿದ್ದವರೇ ಜಾಸ್ತಿ ಇದ್ದರು ಅಂತ ಇವತ್ತಿಗೂ ನಗುತ್ತಾರೆ. ಇವತ್ತು ಅದು ಭಾರೀ ಉತ್ಸವ, ಟಿಕೆಟ್ ಕೂಡ ಇದೆ. ಆದರೆ ಅದರ ಒಡೆತನ ಲಾಭಕ್ಕಲ್ಲದ ಪ್ರತಿಷ್ಠಾನದ್ದು. ಬಂದ ಹಣದಲ್ಲಿ ಮಕ್ಕಳಿಗೆ ಉಚಿತ ಸಂಗೀತ ಶಾಲೆ ನಡೆಸುತ್ತಾರೆ, ಡಬ್ಲ್ಯೂಡಬ್ಲ್ಯೂಓಝಡ್ ಅನ್ನುವ ಸಮುದಾಯ ರೇಡಿಯೋ ಕೂಡ ಅದರದ್ದೇ.

ಪೂರ್ತಿ ಉಚಿತವೇ ಬೇಕು ಅಂದರೆ ಅಮೆರಿಕದ ಡೆಟ್ರಾಯಿಟ್ ಉತ್ಸವದ ದಾರಿ. ಅಲ್ಲಿ ಗ್ರೆಚನ್ ವಲಾಡೆ ಅನ್ನುವ ಮಹಿಳೆ 2006ರಲ್ಲಿ ಒಂದು ಕೋಟಿ ಡಾಲರ್ ನಿಧಿ ಇಟ್ಟರು, ಅಸಲಿಗೆ ಕೈ ಹಚ್ಚದೆ ಬರುವ ಆದಾಯ ಬಳಸುವ ಹಾಗೆ. ನಿಮಗೆ ಅಂಥವರು ಸಿಗಲ್ಲ ಅಂತ ಗೊತ್ತು. ಆದರೆ ಲೆಕ್ಕ ಅದೇ. ಒಬ್ಬ ಪ್ರಾಯೋಜಕರು ಖರ್ಚಿನ ಮುಕ್ಕಾಲು ಭಾಗ ಹೊತ್ತರೆ ಅವರು ಕೈಬಿಟ್ಟ ದಿನ ಉತ್ಸವ ಮುಗಿಯಿತು. ಪ್ರತಿ ತಿಂಗಳು ಚಿಕ್ಕ ಮೊತ್ತ ಕೊಡುವ ಇನ್ನೂರು ಜನರಲ್ಲಿ ಇಪ್ಪತ್ತು ಜನ ಬಿಟ್ಟರೂ ವೇದಿಕೆ ಏಳುತ್ತದೆ. ಹೆಸರು ಮಾರುವುದಿದ್ದರೆ ಪಿಯಾನೋಗೆ ಒಬ್ಬರು, ಮಕ್ಕಳ ಕಾರ್ಯಾಗಾರಕ್ಕೆ ಒಬ್ಬರು, ಹೀಗೆ ತುಂಡು ತುಂಡಾಗಿ ಮಾರಿ. ಉತ್ಸವದ ಹೆಸರನ್ನು ಮಾತ್ರ ಕೊಡಬೇಡಿ.

ಮರೆಯುವ ಮೊದಲು, ಬೇರೆಯವರ ರಚನೆ ನುಡಿಸುತ್ತಾರೆ ಅಂದರೆ ಹಕ್ಕಿನ ಪರವಾನಗಿ ಬೇಕಾಗುತ್ತದೆ. ಪ್ರವೇಶ ಉಚಿತ ಅಂದ ಮಾತ್ರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುವುದಿಲ್ಲ. ನಿಮ್ಮ ಹಿರಿಯರು ಅದರ ಶುಲ್ಕವನ್ನೂ ತಾವೇ ಕಟ್ಟುತ್ತಿದ್ದರೇನೋ, ವಿಚಾರಿಸಿ.

ಮೂರನೇ ಸಾಲು:

ವಿಚಾರಿಸಿದೆ. ಹೌದು, ಅವರೇ ಕಟ್ಟುತ್ತಿದ್ದರು, ಸ್ವಂತ ದುಡ್ಡಿನಿಂದ, ಲೆಕ್ಕದಲ್ಲಿ ಎಲ್ಲೂ ಬರೆಸಿಲ್ಲ. ಪಕ್ಕದಲ್ಲಿ ಕೂರುವ ಇಬ್ಬರಲ್ಲಿ ಒಬ್ಬರು ಸಿಕ್ಕಿದ್ದಾರೆ, ಶಾಲಾ ಬ್ಯಾಂಡಿನಲ್ಲಿ ಟ್ರೊಂಬೋನ್ ನುಡಿಸುತ್ತಿದ್ದ ಹುಡುಗಿ, ಈಗ ಲೆಕ್ಕಪತ್ರ ಓದುತ್ತಿದ್ದಾಳೆ. ಇನ್ನೊಬ್ಬರು ಬೇಕು. ವೇದಿಕೆ ಹಿಂದೆ, ನಿಮ್ಮ ಪಾಳಿ ಪಟ್ಟಿಯ ನಮೂನೆ ಇದ್ದರೆ ಇಲ್ಲಿ ಹಾಕುತ್ತೀರಾ?

ವೇದಿಕೆ ಹಿಂದೆ:

ನಾಳೆ ಹಾಕುತ್ತೇನೆ. ಮೈದಾನ ಗುಡಿಸುವ ಪಾಳಿ ಬೇರೆ ಬರೆದಿರುತ್ತದೆ ನೋಡಿ, ಅದಕ್ಕೆ ಸಮಿತಿಯವರ ಹೆಸರನ್ನೇ ಮೊದಲು ಹಾಕಿ.