ಅಪ್‌ಡೇಟ್: 5,000 ರೂಪಾಯಿಯೊಳಗೆ ವಂಡರ್‌ಲಾಗೆ ಹೋಗಿ ಬಂದೆವು

ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳು 5,000 ರೂಪಾಯಿಯ ಮಿತಿಯಲ್ಲಿ ಬಿಡದಿ ಬಳಿಯ ಮನರಂಜನಾ ಪಾರ್ಕ್ ವಂಡರ್‌ಲಾದಲ್ಲಿ ಒಂದು ದಿನ ಕಳೆಯಬಹುದೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಹೋಗಿ ಬಂದೆವು, ಒಟ್ಟು ಖರ್ಚು 4,870 ರೂಪಾಯಿ.

ವಾರಾಂತ್ಯ ಬಿಟ್ಟು ಮಂಗಳವಾರ ಹೋಗಿ ಎಂಬ ನಿಮ್ಮ ಸಲಹೆಯಿಂದಲೇ ಹೆಚ್ಚು ಹಣ ಉಳಿಯಿತು. ಅಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. 85 ಸೆಂಟಿಮೀಟರಿಗಿಂತ ಕುಳ್ಳಗಿರುವವರಿಗೆ ಟಿಕೆಟ್ ಇಲ್ಲವಾದ್ದರಿಂದ, ಹಿಂದಿನ ರಾತ್ರಿ ಮಗಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಪೆನ್ಸಿಲಿನಿಂದ ಗೆರೆ ಎಳೆದು ಅಳೆದೆವು: 83! ಅವಳು ಬೆಳೆಯದಿರಲೆಂದು ಹಾರೈಸಿದ್ದು ಅದೊಂದೇ ರಾತ್ರಿ.

ಕಾರಿನ ಬದಲು ನೇರಳೆ ಮಾರ್ಗದ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಹೋಗಿ, ಅಲ್ಲಿಂದ ಮೈಸೂರು ರಸ್ತೆಯ ಬಸ್ಸು ಹಿಡಿದೆವು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಮೊದಲು ಬಿಡದಿಗೇ ಹೋಗಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿಯನ್ನು ಹೊಟ್ಟೆ ತುಂಬ ತಿಂದು ವಂಡರ್‌ಲಾಗೆ ಹಿಂದಿರುಗಿದೆವು. ಹೀಗಾಗಿ ಮಧ್ಯಾಹ್ನ ಒಂದೇ ಊಟವನ್ನು ಹಂಚಿಕೊಂಡರೂ ಸಾಕಾಯಿತು.

ಎಡವಿದ್ದು ಬಟ್ಟೆಯ ವಿಷಯದಲ್ಲಿ. ನೀರಿನ ಆಟಗಳಿಗೆ ನೈಲಾನ್ ಉಡುಪು ಬೇಕೆಂದು ನೀವು ಸ್ಪಷ್ಟವಾಗಿ ಬರೆದಿದ್ದರೂ, ನನ್ನ ಯಜಮಾನರು ಹತ್ತಿಯ ಬರ್ಮುಡಾ ತಂದು, ಕೊನೆಗೆ ಅಲ್ಲೇ ಹೊಸದನ್ನು ಕೊಳ್ಳಬೇಕಾಯಿತು. ಅದರ ಗಿಳಿಹಸಿರು ಬಣ್ಣದಿಂದಾಗಿ ಅಲೆಗಳ ಕೊಳದ ಜನಜಂಗುಳಿಯಲ್ಲಿ ಅವರನ್ನು ಹುಡುಕುವುದು ಮಾತ್ರ ಸುಲಭವಾಗಿತ್ತು.