ಮಲತಾಯಿಗೂ ಒಂದು ಹಾಡು

"ಅಲ್ರೀ, ಈ ಕೆಟ್ಟವರೆಲ್ಲ ಎಲ್ಲಿ ಹೋದರು?" ಎಂದು ಬಸಣ್ಣ ಜೋರಾಗಿ ಕೇಳಿದ. ದುರ್ಗದಬೈಲಿನ ಗಿರ್ಮಿಟ್ ಗಾಡಿಯವನು ತನ್ನನ್ನೇ ಕೇಳಿದರು ಅಂತ ತಿರುಗಿ ನೋಡಿದ.

"ಯಾವ ಕೆಟ್ಟವರೋ?" ವೆಂಕಣ್ಣನ ಬಾಯಿ ತುಂಬ ಚುರುಮುರಿ.

"ಕಥೆಯೊಳಗಿನವರು. ನಿನ್ನೆ ಮೊಮ್ಮಗಳು ಟೀವಿಯಲ್ಲಿ ಸಿಂಡ್ರೆಲಾ ಹಚ್ಚಿದಳು. 2021ರದ್ದು, ಹಾಡಿನ ಮೇಲೆ ಹಾಡು. ಹುಡುಗಿಗೆ ಬಟ್ಟೆ ಅಂಗಡಿ ಇಡುವ ಆಸೆ. ಇಡಲಿ, ಚಲೋ ಆಯ್ತು. ರಾಜಕುಮಾರನಿಗೆ ರಾಜ್ಯ ಬೇಡ. ಬಿಡಲಿ, ನನ್ನದೇನು ಹೋಯಿತು? ಆದರೆ ಆ ಮಲತಾಯಿ! ಈಗ ಬೈತಾಳೆ, ಆಗ ಬೈತಾಳೆ ಅಂತ ಕಾದು ಕೂತರೆ ತನ್ನ ಹಳೇ ಗೋಳು ಬಿಚ್ಚಿದಳು. ಪಿಯಾನೊ ಚಲೋ ನುಡಿಸುತ್ತಿದ್ದಳಂತೆ. ಸಂಗೀತ ಶಾಲೆಗೆ ಹೋಗಿ ಬರುವುದರೊಳಗೆ ಗಂಡ ಕೈಬಿಟ್ಟನಂತೆ. ಮೊಮ್ಮಗಳು ಗಳಗಳ ಅತ್ತಳು. ಯಾರಿಗೆ? ಮಲತಾಯಿಗೆ!"

ಶಿವು ಅಷ್ಟರಲ್ಲಿ ಮೊಬೈಲು ತೆಗೆದಿದ್ದ. "ಕಾಕಾ, ಆ ಪಾತ್ರ ಮಾಡಿದವರು ಇಡೀನಾ ಮೆಂಜೆಲ್. 2003ರಲ್ಲಿ ಬ್ರಾಡ್‌ವೇ ನಾಟಕದಲ್ಲಿ ಹಸಿರು ಬಣ್ಣದ ಮಾಟಗಾತಿ ಆಗಿದ್ದವರೂ ಅವರೇ. ಮಾಟಗಾತಿ ನಿಜವಾಗಿ ಕೆಟ್ಟವಳಲ್ಲ ಅಂತ ಹೇಳುವ ನಾಟಕ ಅದು."

"ಹಂಗಾದರೆ ಆಕೆಗೆ ಅದೇ ವಕೀಲಿಕೆ."

"ಮತ್ತೆ ಮಲಗಿದ ರಾಜಕುಮಾರಿ ಕಥೆಯಲ್ಲಿ ಶಾಪ ಕೊಡುವಾಕೆ ಇದ್ದಾಳಲ್ಲ? 1959ರ ಸಿನಿಮಾದಲ್ಲಿ ವಿಲನ್. 2014ರಲ್ಲಿ ಆಕೆಯೇ ಹೀರೋಯಿನ್. ಎಲ್ಲರಿಗೂ ಒಂದು ಕಾರಣ ಇರುತ್ತದಲ್ರೀ ಕಾಕಾ."

"ಇರುತ್ತದೆ. ನಮ್ಮ ಓಣಿಗೆ ನಳದ ನೀರು ಬಿಡುವವನಿಗೂ ಇರುತ್ತದೆ. ನೀರು ಬಂದು ವಾರವಾಯ್ತು ಅಂತ ನಾವು ಕೊಡ ಹಿಡಿದು ಹೋಗುತ್ತೇವೆ. ಅವನು ವಾಲ್ವಿನ ಮೇಲೆ ಕಾಲಿಟ್ಟು ಶುರು ಮಾಡುತ್ತಾನೆ: 'ಸಣ್ಣವನಿದ್ದಾಗ ನನಗೂ ಯಾರೂ ನೀರು ಕೊಡಲಿಲ್ಲಾ...' ಹಿಂದೆ ಇಪ್ಪತ್ತು ಜನ ಕೊಡ ತಿರುಗಿಸಿ ಕುಣಿಯುತ್ತಾರೆ. ನಾವು ಕಣ್ಣೊರೆಸಿಕೊಂಡು, ಚಪ್ಪಾಳೆ ತಟ್ಟಿ, ಖಾಲಿ ಕೊಡ ಹೊತ್ತು ಮನೆಗೆ ಬರಬೇಕು!"

"ನಮ್ಮ ಮನೆ ಮಾಲೀಕನದು ಡ್ಯುಯೆಟ್" ಎಂದ ವೆಂಕಣ್ಣ. "ಅವನು 'ಡಿಪಾಜಿಟ್ಟು ಎಲ್ಲಿ ಹೋಯಿತೋ' ಅಂತಾನೆ. ಹೆಂಡತಿ ಒಳಗಿಂದ 'ಸುಣ್ಣಕ್ಕೆ ಹೋಯಿತೋ' ಅಂತಾಳೆ."

ಶಾಂತಕ್ಕ ನಕ್ಕಳು. "ನಿನಗೆ ಹಾಡೇ ಬೇಡವೇನು ಬಸಣ್ಣಾ?"

"ಯಕ್ಕಾ, ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಬಾಳಿದ ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ಹಾಡು ಬೇಡ ಅಂದರೆ ನನ್ನನ್ನು ಚಿಗರಿ ಬಸ್ಸಿನಲ್ಲೂ ಹತ್ತಿಸಿಕೊಳ್ಳಲಿಕ್ಕಿಲ್ಲ. ಕಂಪನಿ ನಾಟಕದಲ್ಲಿ ಸತ್ತವನು ಒನ್ಸ್ ಮೋರ್ ಅಂದರೆ ಎದ್ದು, ಹಾಡಿ, ಮತ್ತೆ ಸಾಯುತ್ತಿದ್ದ. 1932ರ ಇಂದ್ರಸಭಾ ಸಿನಿಮಾದಲ್ಲಿ ಎಪ್ಪತ್ತರ ಮೇಲೆ ಹಾಡು. ಹಾಡಲಿ. ದುರ್ಯೋಧನನೂ ಗದೆ ಹೊತ್ತು ಹಾಡುತ್ತಿದ್ದ. ಆದರೆ ನನ್ನನ್ನು ಬಾಲ್ಯದಲ್ಲಿ ಯಾರೂ ಅರ್ಥ ಮಾಡಿಕೊಳ್ಳಲಿಲ್ಲ ಅಂತ ಹಾಡುತ್ತಿದ್ದನೇನು?"

"ನೀವು ಮಕ್ಕಳಿಗೆ ಬರೀ ದ್ವೇಷ ಕಲಿಸ್ತೀರಿ ಕಾಕಾ" ಎಂದ ಶಿವು. ಮೊಬೈಲು ಇನ್ನೂ ಕೈಯಲ್ಲೇ ಇತ್ತು. "ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರ ಸಿಂಡ್ರೆಲಾ ಕಥೆ ನೋಡ್ರಿ. ಬೂಟು ಹಿಡಿಸಲಿ ಅಂತ ಮಲತಾಯಿಯ ಮಕ್ಕಳಲ್ಲಿ ಒಬ್ಬಾಕೆ ಹೆಬ್ಬೆರಳು ಕೊಯ್ದುಕೊಳ್ಳುತ್ತಾಳೆ, ಇನ್ನೊಬ್ಬಾಕೆ ಹಿಮ್ಮಡಿ. ಚಾಕು ಕೊಡುವವಳು ತಾಯಿ. ರಾಣಿ ಆದಮೇಲೆ ನಡೆಯುವ ಕೆಲಸವೇ ಇಲ್ಲ ಬಿಡು ಅಂತಾಳೆ."

"ನೋಡು, ಅದು ಮಲತಾಯಿ!" ಬಸಣ್ಣನ ಮುಖ ಅರಳಿತು. "ನಮ್ಮೂರಲ್ಲಿ ವರ ನೋಡುವಾಗಲೂ ಇಂಥ ಮಾತು ಕೇಳಿದ್ದೇನೆ. ಬೆರಳು ಕೊಯ್ಯುವುದಿಲ್ಲ, ಹುಡುಗಿಯ ಕಾಲೇಜು ಬಿಡಿಸುತ್ತಾರೆ ಅಷ್ಟೇ."

"ಆದರೆ ಅದಕ್ಕಿಂತ ಹಳೇದು ಫ್ರಾನ್ಸಿನ ಪೆರೋ ಬರೆದದ್ದು, 1697. ಗಾಜಿನ ಬೂಟು ಬರುವ ಕಥೆ. ಅದರಲ್ಲಿ ಹುಡುಗಿ ಅಕ್ಕಂದಿರನ್ನು ಕ್ಷಮಿಸಿ, ಆಸ್ಥಾನದ ಇಬ್ಬರಿಗೆ ಮದುವೆ ಮಾಡಿಸುತ್ತಾಳೆ. ಮತ್ತೇನಂತೀರಿ?"

ಶಿವು ಗೆದ್ದ ಅಂತ ವೆಂಕಣ್ಣ ಮಿರ್ಚಿ ಎತ್ತಿ ತೋರಿಸಿದ.

"ನಾನು ಹೇಳುವುದೂ ಅದನ್ನೇ! ಆಕೆ ಕ್ಷಮಿಸಿದಳು. ಅವರು ತಪ್ಪು ಮಾಡಿದ್ದಕ್ಕೇ ಅಲ್ವಾ ಕ್ಷಮಿಸಿದ್ದು? ಈಗಿನ ಸಿನಿಮಾದಲ್ಲಿ ಯಾರದೂ ತಪ್ಪಿಲ್ಲ. ಪಾಪದ ಹುಡುಗಿ ಏನನ್ನು ಕ್ಷಮಿಸಬೇಕು? ಆಕೆಯ ದೊಡ್ಡತನವನ್ನೇ ಕಸಿದುಕೊಂಡು ಮಲತಾಯಿಗೆ ಕೊಟ್ಟರು."

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ಮಾಡುವಂತೆ ವೆಂಕಣ್ಣ ಇನ್ನೊಂದು ಪ್ಲೇಟು ಮಿರ್ಚಿ ಹೇಳಿದ.

"ನಮ್ಮ ಕಥೆಯನ್ನೇ ಸಿನಿಮಾ ಮಾಡಬಹುದಲ್ಲ" ಎಂದಳು ಶಾಂತಕ್ಕ. "ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹಂಚಿಯ ಕಥೆ. ಬಂಗಾರದ ಕೂದಲಿನ ಹುಡುಗಿ, ಮಣ್ಣಿನ ಮುಖವಾಡ ಹಾಕಿಕೊಂಡು ಸಾಹುಕಾರರ ಮನೆಯಲ್ಲಿ ಅಡಿಗೆ ಮಾಡಿಕೊಂಡಿರುತ್ತಾಳೆ. ಬೂಟಿನ ಗೊಡವೆಯೇ ಇಲ್ಲ."

"ಅದರಲ್ಲಿ ಮಲತಾಯಿ?"

"ಇಲ್ಲ. ಆಕೆ ಮನೆ ಬಿಟ್ಟು ಓಡಬೇಕಾದದ್ದು ಒಡಹುಟ್ಟಿದವನ ಕೆಟ್ಟ ಕಣ್ಣಿನಿಂದ. ಮುಂದೆ ಒಬ್ಬ ಕಳ್ಳ ಸ್ವಾಮಿ ಬೇರೆ."

"ಅದಕ್ಕೆ ಫ್ಯಾಮಿಲಿ ಸಿನಿಮಾ ಅಂತ ಹೇಗೆ ಬೋರ್ಡು ಹಾಕೋದು? ಕಳ್ಳ ಸ್ವಾಮಿಗೂ ಒಂದು ಹಾಡು ಕೊಡ್ರಿ ಅಂತ ಅವನ ಭಕ್ತರು ಬರ್ತಾರೆ" ಎಂದ ವೆಂಕಣ್ಣ.

ಎಲ್ಲರೂ ನಕ್ಕರು. ಶಾಂತಕ್ಕನೂ ನಕ್ಕಳು. ಆಮೇಲೆ ಸುಮ್ನೆ ಮಾತಿಗೆ ಅನ್ನುವಂತೆ, "ನಮ್ಮ ಚಿಗವ್ವ ಹೊಡೆಯುತ್ತಿದ್ದಳು" ಎಂದಳು.

"ಯಾರು, ನಿಮ್ಮಪ್ಪನ ಎರಡನೇ..."

"ಹೂಂ. ಹದಿನೆಂಟಕ್ಕೇ ಬಂದಳು. ಬಂದ ದಿನವೇ ಮೂರು ಮಕ್ಕಳ ತಾಯಿ. ಲಟ್ಟಣಿಗೆ, ಸೌಟು, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದಳು. ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡೆ. ಒಂದು ದಿನ ನನ್ನ ಮೊಣಕೈ ಹಿಡಿದು, 'ಭಾಳ ನೋಯ್ತಿತ್ತೇನ?' ಅಂದಳು. ಇಲ್ಲ ಅಂದೆ."

"ಖರೇನೂ ನೋಯ್ತಿರಲಿಲ್ಲವೇ ಅಕ್ಕಾ?" ಶಿವು ಕೇಳಿದ.

"ಹುಚ್ಚಪ್ಪಾ, ಲಟ್ಟಣಿಗೆಯಿಂದ ಹೊಡೆದರೆ ನೋಯದೆ ಇರುತ್ತದೇನು?"

ವೆಂಕಣ್ಣ ಗಂಟಲು ಸರಿಮಾಡಿಕೊಂಡ. "ಹಂಗಾದರೆ ನಿನ್ನ ವಾದ ಬಿತ್ತಲ್ಲೋ ಬಸಣ್ಣಾ. ಮಲತಾಯಿಗೂ ಮನಸ್ಸು ಇರುತ್ತದೆ."

"ಎಲ್ಲಿ ಬಿತ್ತು? ಆಕೆ ನೋಯ್ತಿತ್ತೇನ ಅಂತ ಕೇಳಿದಳು. ನನಗೆ ನೋವಾಗಿತ್ತು ಅಂತ ಹೇಳಲಿಲ್ಲ. ಅಷ್ಟು ಸಿನಿಮಾದಲ್ಲಿ ತೋರಿಸಲಿ, ಬಾಲ್ಕನಿ ಟಿಕೆಟ್ ತಗೊಂಡು ನಿಮ್ಮೆಲ್ಲರನ್ನೂ ಕರಕೊಂಡು ಹೋಗುತ್ತೇನೆ."

"ಪಾಪ್‌ಕಾರ್ನ್?"

"ಅದು ನಿಂದು. ಇವತ್ತಿನ ಗಿರ್ಮಿಟ್ ರೊಕ್ಕವೂ ನಿಂದೇ. ಹೋದ ವಾರದ್ದೂ ಬಾಕಿ ಐತಿ."

ಗಾಡಿಯವನು ಕೈ ಚಾಚಿದ. ವೆಂಕಣ್ಣ ಕಿಸೆ ಮುಟ್ಟಿಕೊಂಡ, ಮುಖ ಸಣ್ಣದು ಮಾಡಿದ. "ಬಸಣ್ಣಾ, ನಾನು ಸಣ್ಣವನಿದ್ದಾಗ..."

"ಹಾಡಬ್ಯಾಡೋ ಮಾರಾಯಾ, ನಾನೇ ಕೊಡ್ತೀನಿ!"